ಬೆರಳಿಗೂ ಬಿಂಬಕ್ಕೂ ನಡುವೆ: ಮುಂಬದಿ ಲೇಪದ ಕನ್ನಡಿಗಳ ವಿಚಾರ

ಈ ತಿಂಗಳ ಮೊದಲ ರವಿವಾರ ಸಾಯಂಕಾಲ ನಮ್ಮನ್ನು ಕಾಣಲು ಕುಂದಾಪುರದ ಕಡೆಯ ತರುಣನೊಬ್ಬನು ಬಂದನು. ಮುಂಬಯಿಯ ಒಂದು ವಸತಿಗೃಹದಲ್ಲಿ ಕೋಣೆಗಳನ್ನು ಗುಡಿಸಿ ಒರಸಿ, ಹಾಸಿಗೆಯ ಬಟ್ಟೆ ಬದಲಿಸುವ ಕೆಲಸ ಅವನದು. ಊರು ಬಿಟ್ಟು ಬಂದು ಮೂರು ವರ್ಷವಾಗಿದ್ದರೂ ಧನಿಗಳಿಂದ ಒಂದು ಕೆಟ್ಟ ಮಾತು ಕೇಳಿಸಿಕೊಂಡವನಲ್ಲ. ಆ ವಾರ ಮಾತ್ರ ಅವನಿಗೊಂದು ಆಪತ್ತು ಬಂದೊದಗಿತ್ತು. ಕುಟುಂಬ ಸಮೇತರಾಗಿ ಬಂದಿಳಿದ ಅತಿಥಿಯೊಬ್ಬರು ಕೈ ತೊಳೆಯುವ ಜಾಗದ ಕನ್ನಡಿಗೆ ಬೆರಳಿನ ತುದಿ ಮುಟ್ಟಿಸಿ, ಬೆರಳಿಗೂ ಅದರ ಬಿಂಬಕ್ಕೂ ನಡುವೆ ಎಳ್ಳಷ್ಟೂ ಅಂತರವಿಲ್ಲದುದನ್ನು ಕಂಡು, ಇದು ಗೋಡೆಯಾಚೆಯಿಂದ ಇಣಿಕಿ ನೋಡುವ ಕಳ್ಳಗನ್ನಡಿಯೇ ಸರಿ ಎಂದು ಬೊಬ್ಬೆ ಎಬ್ಬಿಸಿದರು. ಅವರಿಗೆ ಪ್ರಮಾಣವಾಗಿದ್ದುದು ಮೊಬೈಲಿಗೆ ಯಾರೋ ಕಳುಹಿಸಿದ್ದ ಒಂದು ಸಂದೇಶ. ಬೆರಳಿಗೂ ಬಿಂಬಕ್ಕೂ ಅಂತರವಿದ್ದರೆ ಸಾಚಾ ಕನ್ನಡಿ, ಇಲ್ಲದಿದ್ದರೆ ಮೋಸದ ಕನ್ನಡಿ ಎಂದು ಅದರಲ್ಲಿ ಬರೆದಿತ್ತಂತೆ. ಮೆನೇಜರು ಅತಿಥಿಯನ್ನು ಸಮಾಧಾನಪಡಿಸುವ ಭರದಲ್ಲಿ ಕೋಣೆಯ ಉಸ್ತುವಾರಿಯ ಹುಡುಗನನ್ನೇ ನಾಲ್ಕು ಜನರೆದುರು ಗದರಿಸಿ, ಅರ್ಧ ದಿನದ ಸಂಬಳ ಮುರಿದುಕೊಂಡರು.

“ರಾಯರೇ, ದಿನಾ ನಾನೇ ಒರಸುವ ಕನ್ನಡಿ ಅದು. ಮೋಸವಿದ್ದರೆ ನನಗೆ ಗೊತ್ತಾಗಬೇಡವೇ? ಆದರೆ ಬೆರಳಿಟ್ಟು ನೋಡಿದರೆ ಅವರು ಹೇಳಿದ್ದೂ ಹೌದು, ಅಂತರವೇ ಇಲ್ಲ” ಎಂದು ಹುಡುಗನು ಹೇಳಿದನು. ಸಂಬಳ ಹೋದುದಕ್ಕಿಂತ ಹೆಸರು ಹೋಯಿತೆಂಬುದೇ ಅವನ ಸಂಕಟವೆಂದು ನಮಗೆ ತೋರಿತು. ಬಂದು ನೋಡುವೆವೆಂದು ಮಾತು ಕೊಟ್ಟು ಕಳುಹಿಸಿದೆವು. ಅದೇ ಸಂದೇಶವು ನಮ್ಮ ವಾಚಕರಲ್ಲಿ ಅನೇಕರ ಕೈಗೂ ಬಂದಿರಬಹುದಾದುದರಿಂದ ಈ ಕನ್ನಡಿಯ ವಿಚಾರವನ್ನು ತುಸು ವಿಸ್ತಾರವಾಗಿಯೇ ಇಲ್ಲಿ ಬರೆಯುತ್ತೇವೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬುದು ನಮ್ಮ ಗಾದೆ. ಕನ್ನಡಿಯ ಮೇಲೆಯೇ ಸಂಶಯ ಬಂದರೆ ಏನನ್ನು ಹಿಡಿದು ನೋಡಬೇಕೆಂದು ಗಾದೆ ಹೇಳಿಲ್ಲ. ಆದರೂ ಬೆರಳು ಸುಳ್ಳು ಹೇಳುವುದಿಲ್ಲ. ಅದು ಹೇಳುವ ಸಂಗತಿ ಒಂದೇ ಒಂದು: ಕನ್ನಡಿಯ ಹೊಳಪಿನ ಲೇಪವು ಗಾಜಿನ ಹಿಂದೆ ಇದೆಯೋ ಮುಂದೆ ಇದೆಯೋ ಎಂಬುದು. ಅದರಾಚೆಗೆ ಬೆರಳಿಗೆ ಏನೂ ತಿಳಿಯದು.

ನಮ್ಮ ಮನೆಗಳಲ್ಲಿಯೂ ಹೋಟೆಲುಗಳಲ್ಲಿಯೂ ತೂಗಹಾಕಿರುವ ಕನ್ನಡಿಯಲ್ಲಿ ಮುಖ ತೋರಿಸುವುದು ಗಾಜಲ್ಲ. ಗಾಜಿನ ಬೆನ್ನಿಗೆ ಹಚ್ಚಿದ ಬೆಳ್ಳಿಯ ಅಥವಾ ಅಲ್ಯುಮಿನಿಯಮ್ಮಿನ ತೆಳುವಾದ ಪೊರೆಯೇ ಬೆಳಕನ್ನು ಹಿಂದಿರುಗಿಸುವುದು. ಆ ಪೊರೆ ಕೆಡದಂತೆ ಅದರ ಹಿಂದೆ ಬಣ್ಣವನ್ನು ಬಳಿದಿರುತ್ತಾರೆ. ಮುಂದೆ ಗಾಜು, ಹಿಂದೆ ಬಣ್ಣ. ಇವೆರಡರ ನಡುವೆ ಹೊಳಪು ಸುರಕ್ಷಿತವಾಗಿ ಅವಿತಿರುತ್ತದೆ. ಹೋಟೆಲಿನ ಹುಡುಗನು ಒದ್ದೆ ಬಟ್ಟೆಯಿಂದಲೋ ಹಳೆಯ ಪತ್ರಿಕೆಯ ಹಾಳೆಯಿಂದಲೋ ದಿನಕ್ಕೆ ಹತ್ತು ಸಲ ಉಜ್ಜಿದರೂ ಉಜ್ಜಿಸಿಕೊಳ್ಳುವುದು ಗಾಜೇ ಹೊರತು ಬೆಳ್ಳಿಯಲ್ಲ. ಹಳೆಯ ಕನ್ನಡಿಗಳ ಅಂಚಿನಲ್ಲಿ ಕಾಣುವ ಕಪ್ಪು ಕಲೆಗಳಿಗೆ ಕಾರಣವೂ ಉಜ್ಜುವಿಕೆಯಲ್ಲ. ಕೆಳಗಿನ ಅಂಚಿನಿಂದ ನೀರು ಒಳಸೇರಿ ಬೆಳ್ಳಿಯನ್ನು ತಿನ್ನುವುದು. ಕನ್ನಡಿಗೆ ನೀರು ಎರಚದೆ, ಹಿಂಡಿದ ಬಟ್ಟೆಯಿಂದ ಒರಸಿ, ಅಂಚನ್ನು ಒಣಗಿಸಿಟ್ಟರೆ ಅದು ಬಹುಕಾಲ ಬಾಳುತ್ತದೆ. ಈ ಮಾತನ್ನು ಧನಿಗಳೂ ಕೇಳಿಸಿಕೊಳ್ಳಬಹುದು.

ಬೆರಳು ಮುಟ್ಟುವುದು ಗಾಜಿನ ಮುಂಬದಿಯನ್ನು. ಬಿಂಬ ಹುಟ್ಟುವುದು ಹಿಂಬದಿಯಲ್ಲಿ. ಆದುದರಿಂದ ಎರಡರ ನಡುವೆ ಗಾಜಿನ ದಪ್ಪಕ್ಕಿಂತಲೂ ತುಸು ಹೆಚ್ಚಾದ ಅಂತರ ಕಾಣುತ್ತದೆ. ಲೇಪವನ್ನು ಮುಂಬದಿಗೇ ಕೊಟ್ಟಿದ್ದರೆ ಬೆರಳು ಲೇಪವನ್ನೇ ಮುಟ್ಟುತ್ತದೆ. ಬಿಂಬವು ಬೆರಳಿಗೆ ಬೆರಳಾಗಿ ಎದುರು ಬಂದು ತಾಗುತ್ತದೆ. ಈ ಎರಡನೆಯ ಜಾತಿಯ ಕನ್ನಡಿಯನ್ನೇ ನಾವಿಲ್ಲಿ ಮುಂಬದಿ ಲೇಪದ ಕನ್ನಡಿ ಎಂದು ಕರೆಯುತ್ತಿರುವುದು.

ಒಂದು ಹಾಲು, ಹಲವು ನೀರು

ಹೊಳಪನ್ನು ಹೀಗೆ ಗಾಳಿಗೆ ತೆರೆದಿಡುವ ಸಾಹಸವೇಕೆ ಎಂದು ಕೇಳುವವರು ಇಂದು ರಾತ್ರಿ ಕೆಲಸ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ ನೋಡಬಹುದು. ದೀಪವಾರಿಸಿ, ಕಡ್ಡಿ ಗೀರಿ, ಉರಿಯುವ ಕಡ್ಡಿಯನ್ನು ಗೋಡೆಗನ್ನಡಿಯ ಬಳಿ ಹಿಡಿದು, ಕನ್ನಡಿಯನ್ನು ಬಹಳ ಓರೆಯಾಗಿ ನೋಡಬೇಕು. ಒಂದು ಜ್ವಾಲೆಯ ಬದಲು ಜ್ವಾಲೆಗಳ ಒಂದು ಸಾಲು ಕಾಣುತ್ತದೆ. ಮೊದಲನೆಯದು ಮಂಕು, ಎರಡನೆಯದು ಉಜ್ವಲ, ಅದರ ಹಿಂದೆ ಒಂದಕ್ಕಿಂತ ಒಂದು ಕ್ಷೀಣಿಸುತ್ತ ಹೋಗುವ ಮತ್ತೆ ಮೂರು ನಾಲ್ಕು. ಎರಡನೆಯದು ಹಿಂಬದಿಯ ಲೇಪದಿಂದ ಬಂದ ನಿಜವಾದ ಬಿಂಬ. ಮೊದಲನೆಯದು ಗಾಜಿನ ಮುಖದಿಂದಲೇ ಹಿಂದಿರುಗಿದ ಬೆಳಕಿನದು. ಉಳಿದವು ಗಾಜಿನೊಳಗೆ ಅತ್ತಿಂದಿತ್ತ ಪುಟಿದು ಹೊರಬಂದ ಬೆಳಕಿನವು.

ನೇರವಾಗಿ ಬಂದ ಬೆಳಕಿನ ನೂರು ಪಾಲಿನಲ್ಲಿ ಸುಮಾರು 4 ಪಾಲು ಗಾಜಿನ ಮುಖದಿಂದಲೇ ಹಿಂದಿರುಗುತ್ತದೆ. ಓರೆ ಹೆಚ್ಚಾದಂತೆ ಆ ಪಾಲೂ ಹೆಚ್ಚುತ್ತದೆ. ತಲೆ ಬಾಚಿಕೊಳ್ಳುವವನಿಗೆ ಇದರಿಂದ ನಷ್ಟವೇನೂ ಇಲ್ಲ. ಉಜ್ವಲವಾದ ಬಿಂಬದೆದುರು ಮಂಕು ಬಿಂಬವು ಕಣ್ಣಿಗೆ ಬೀಳುವುದೇ ಇಲ್ಲ. ಆದರೆ 4 ಮಿಲಿಮೀಟರ್ ದಪ್ಪದ ಗಾಜಿನ ಮೇಲೆ 45 ಅಂಶದ ಓರೆಯಲ್ಲಿ ಒಂದು ಸಪುರ ಕಿರಣವನ್ನು ಬಿಟ್ಟರೆ, ಮುಂಬದಿಯಿಂದಲೂ ಹಿಂಬದಿಯಿಂದಲೂ ಹೊರಡುವ ಎರಡು ಕಿರಣಗಳು ಸುಮಾರು 3 ಮಿಲಿಮೀಟರ್ ಅಂತರದಲ್ಲಿ ಬೇರೆ ಬೇರೆಯಾಗಿ ಹೋಗುತ್ತವೆ. ಒಂದು ಅಕ್ಷರದ ಮಗ್ಗುಲಿಗೆ ಅದರದೇ ಭೂತ ನಿಂತಂತೆ! ನಕ್ಷತ್ರವನ್ನು ಅಳೆಯುವವನಿಗೂ ಕಾಗದಪತ್ರದ ಪ್ರತಿ ತೆಗೆಯುವವನಿಗೂ ಇದು ಸಲ್ಲದು. ಅದಲ್ಲದೆ ಬೆಳಕು ಗಾಜಿನೊಳಗೆ ಹೋಗುವಾಗೊಮ್ಮೆ, ಬರುವಾಗೊಮ್ಮೆ ಸುಂಕ ತೆರಬೇಕಾಗುತ್ತದೆ. ಸಾಧಾರಣ ಗಾಜು ಅದರಿಂದ ಸ್ವಲ್ಪವನ್ನು ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಕೆಲವು ಜಾತಿಯ ಕಿರಣಗಳನ್ನಂತೂ ಪೂರ್ತಿಯಾಗಿ ನುಂಗಿಬಿಡುತ್ತದೆ.

ಮುಂಬದಿ ಲೇಪದ ಕನ್ನಡಿಯಲ್ಲಿ ಬೆಳಕು ಗಾಜಿನೊಳಕ್ಕೆ ಹೋಗುವುದೇ ಇಲ್ಲ. ಲೋಹದೊಳಗೆ ಯಾವೊಂದು ಪರಮಾಣುವಿಗೂ ಕಟ್ಟುಬೀಳದೆ ಅಲೆಯುವ ಎಲೆಕ್ಟ್ರಾನುಗಳು ಅಸಂಖ್ಯವಾಗಿವೆ. ಬೆಳಕಿನ ಅಲೆ ಬಂದು ತಗುಲಿದೊಡನೆ ಅವು ಅದರ ತಾಳಕ್ಕೆ ಕುಣಿದು, ಅದೇ ತಾಳದ ಅಲೆಯನ್ನು ಹಿಂದಕ್ಕೆ ಹೊಮ್ಮಿಸುತ್ತವೆ. ಈ ವ್ಯವಹಾರವೆಲ್ಲ ಲೋಹದ ತೀರ ಮೇಲಿನ ಪದರದಲ್ಲಿಯೇ ಮುಗಿದುಹೋಗುವುದರಿಂದ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ದಪ್ಪದ ಲೇಪವಿದ್ದರೆ ಸಾಕು. ಅಂಥ ಸಾವಿರ ಲೇಪಗಳನ್ನು ಒಂದರ ಮೇಲೊಂದು ಇಟ್ಟರೆ ಲೆಕ್ಕದ ಪುಸ್ತಕದ ಒಂದು ಹಾಳೆಯಷ್ಟು ದಪ್ಪವಾದೀತು. ಗಾಜು ಇಲ್ಲಿ ಗೋಡೆಯಂತೆ ಬರಿಯ ಆಧಾರ. ಅದು ಪಾರದರ್ಶಕವಾಗಿರಬೇಕೆಂಬ ನಿಯಮವೂ ಇಲ್ಲ.

ಹಾಗೆ ನೋಡಿದರೆ ಮುಂಬದಿಯಿಂದ ಹೊಳೆಯುವ ಕನ್ನಡಿಯೇ ಹಳೆಯದು. ಗಾಜಿನ ಹಿಂದೆ ಅಡಗಿದ ಕನ್ನಡಿ ಆಮೇಲಿನದು. ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣ ಸುಂದರಿಯನ್ನು ಕಾಣದ ಕನ್ನಡಿಗನಾರು? ಹನ್ನೆರಡನೆಯ ಶತಮಾನದ ಶಿಲ್ಪಿ ಆಕೆಯ ಕೈಗೆ ಕೊಟ್ಟ ಕನ್ನಡಿಯು ಆ ಕಾಲದ ವಾಡಿಕೆಯಂತೆ ಉಜ್ಜಿ ಹೊಳಪಿಸಿದ ಲೋಹದ ಬಿಲ್ಲೆಯಾಗಿರಬೇಕು. ಬೆರಳಿಟ್ಟು ನೋಡುವ ಅತಿಥಿಯೇನಾದರೂ ಅಲ್ಲಿಗೆ ಹೋಗಿದ್ದರೆ ಆಕೆಯ ಮೇಲೆಯೂ ದೂರು ಬರೆಯುತ್ತಿದ್ದರು! ಕೇರಳದ ಆರನ್ಮುಳದಲ್ಲಿ ಇಂದಿಗೂ ಕೆಲವು ಮನೆತನಗಳವರು ತಾಮ್ರ ತವರಗಳನ್ನು ಕೂಡಿಸಿ ಎರಕ ಹೊಯ್ದು, ದಿನಗಟ್ಟಲೆ ಉಜ್ಜಿ ಅಂಥ ಕನ್ನಡಿಗಳನ್ನು ಮಾಡುತ್ತಾರೆ. ಗಾಜಿಲ್ಲ, ಲೇಪವಿಲ್ಲ, ಲೋಹದ ಮುಖವೇ ಕನ್ನಡಿ. ಎರಕದ ಪಾಕ ಮಾತ್ರ ಮನೆತನದ ಗುಟ್ಟು.

ಕೈತುತ್ತು ತಿಂದು ಕನ್ನಡಿ ಉಜ್ಜಿದವನು

ಲೋಹದ ಕನ್ನಡಿಯ ಮಹಿಮೆಯನ್ನೂ ಪೀಡೆಯನ್ನೂ ಪೂರ್ತಿಯಾಗಿ ಅನುಭವಿಸಿದವರು ಆಕಾಶವನ್ನು ನೋಡುವವರು. 1668ರಲ್ಲಿ ನ್ಯೂಟನ್ ಮಸೂರದ ಬದಲು ತಗ್ಗುಗನ್ನಡಿಯನ್ನಿಟ್ಟು ಒಂದು ಚಿಕ್ಕ ದೂರದರ್ಶಕವನ್ನು ಮಾಡಿದನು. ಅದರ ಕನ್ನಡಿಯೂ ತಾಮ್ರ ತವರಗಳ ಮಿಶ್ರಣದ್ದೇ. ನೂರು ವರ್ಷಗಳ ನಂತರ ಈ ಮಾರ್ಗವನ್ನು ಶಿಖರಕ್ಕೆ ಮುಟ್ಟಿಸಿದವನು ವಿಲಿಯಂ ಹರ್ಷೆಲ್. ಈತ ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಊರು ಬಿಟ್ಟವನು. ಜರ್ಮನಿಯ ಹ್ಯಾನೋವರಿನಿಂದ ಇಂಗ್ಲೆಂಡಿಗೆ ಬಂದು, ಬಾತ್ ಪಟ್ಟಣದಲ್ಲಿ ವಾದ್ಯ ನುಡಿಸಿ, ಸಂಗೀತ ಕಲಿಸಿ ಜೀವಿಸುತ್ತಿದ್ದನು. ಬಿಡುವಿನಲ್ಲಿ ಕನ್ನಡಿ ಉಜ್ಜುವುದು ಅವನ ಹುಚ್ಚು. ಉಜ್ಜುವ ಕೈ ನಡುವೆ ನಿಂತರೆ ಮೈ ಕೆಡುವುದೆಂಬ ಭಯದಿಂದ ಒಮ್ಮೆ ಹದಿನಾರು ಗಂಟೆಗಳ ಕಾಲ ಕೈಯೆತ್ತದೆ ದುಡಿದನೆಂದೂ, ತಾನು ಅವನ ಬಾಯಿಗೆ ತುತ್ತಿಡುತ್ತಿದ್ದೆನೆಂದೂ ತಂಗಿ ಕ್ಯಾರೊಲಿನ್ ಬರೆದಿಟ್ಟಿದ್ದಾಳೆ. ಅಡಿಗೆಮನೆಯಲ್ಲಿ ಎಡೆಬಿಡದೆ ಕಲ್ಲಿನೆದುರು ನಿಂತು ದೋಸೆ ಹೊಯ್ಯುವವರಿಗೆ ಈ ಅವಸ್ಥೆಯನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. 1781ರ ಮಾರ್ಚ್ ತಿಂಗಳಲ್ಲಿ ಅವನು ತನ್ನ ಕೈಯಾರೆ ಮಾಡಿದ ಕನ್ನಡಿಯಿಂದಲೇ ಯುರೇನಸ್ ಗ್ರಹವನ್ನು ಕಂಡುಹಿಡಿದನು.

ಆದರೆ ಆ ಲೋಹವು ಬಿದ್ದ ಬೆಳಕಿನಲ್ಲಿ ಮೂರರಲ್ಲೆರಡು ಪಾಲನ್ನಷ್ಟೇ ಹಿಂದಿರುಗಿಸುತ್ತಿತ್ತು. ತೇವದ ಹವೆಯಲ್ಲಿ ಅದಕ್ಕೆ ಬೇಗನೆ ಕಿಲುಬು ಹಿಡಿಯುತ್ತಿತ್ತು. ಕಿಲುಬು ತೆಗೆಯಲು ಮತ್ತೆ ಉಜ್ಜಬೇಕು. ಉಜ್ಜಿದರೆ ಕಷ್ಟಪಟ್ಟು ತಂದ ಬಾಗು ಕೆಡುವುದು. ಪುನಃ ಮೊದಲಿನಿಂದ ಆರಂಭ. ಐರ್ಲೆಂಡಿನ ರಾಸ್ ಪ್ರಭು 1845ರಲ್ಲಿ ಆರು ಅಡಿ ಅಗಲದ ಕನ್ನಡಿಯ ದೂರದರ್ಶಕವನ್ನು ನಿಲ್ಲಿಸಿದಾಗ ಒಂದರ ಬದಲು ಎರಡು ಕನ್ನಡಿಗಳನ್ನು ಮಾಡಿಸಬೇಕಾಯಿತು. ಒಂದನ್ನು ಉಜ್ಜಲು ತೆಗೆದಾಗ ಇನ್ನೊಂದು ಬೇಕಲ್ಲವೆ?

ಇತ್ತ ಮನೆಗನ್ನಡಿಯ ಕಥೆ ಇದಕ್ಕಿಂತ ಕ್ರೂರವಾಗಿತ್ತು. ಯುರೋಪಿನ ಕಾರ್ಖಾನೆಗಳಲ್ಲಿ ತವರವನ್ನು ಪಾದರಸದಲ್ಲಿ ಕಲಸಿ ಗಾಜಿನ ಬೆನ್ನಿಗೆ ಅಂಟಿಸುತ್ತಿದ್ದರು. ಆ ಹಬೆಯನ್ನು ಕುಡಿದ ಕೆಲಸಗಾರರ ಕೈಗಳು ನಡುಗುತ್ತಿದ್ದುವು; ಹಲ್ಲು ಉದುರುತ್ತಿದ್ದುವು. ಸಿರಿವಂತರ ಅರಮನೆಯ ಕನ್ನಡಿಗೆ ಬಡವರ ಆಯುಷ್ಯವನ್ನು ಬಳಿದಂತಿತ್ತು ಆ ಕಸುಬು. ಜರ್ಮನಿಯ ರಸಾಯನ ಶಾಸ್ತ್ರಜ್ಞ ಲೀಬಿಗ್, ಬೆಳ್ಳಿಯ ಲವಣದ ದ್ರಾವಣದಿಂದ ಬೆಳ್ಳಿಯು ತಾನಾಗಿ ಗಾಜಿನ ಮೇಲೆ ಕೂರುವುದನ್ನು 1835ರಲ್ಲಿ ಗಮನಿಸಿ, ಮುಂದೆ 1856ರ ಹೊತ್ತಿಗೆ ಅದನ್ನು ಬಳಕೆಗೆ ಬರುವ ವಿಧಾನವನ್ನಾಗಿ ತಿದ್ದಿದನು. ಕಾಲಕ್ರಮದಲ್ಲಿ ಪಾದರಸದ ಪಿಡುಗು ಆ ಕಸುಬಿನಿಂದ ತೊಲಗಿತು.

ಆ ವಿದ್ಯೆ ಆಕಾಶ ನೋಡುವವರ ಕೈಗೂ ಬಂತು. 1856–57ರಲ್ಲಿ ಜರ್ಮನಿಯ ಸ್ಟೈನ್‌ಹೈಲ್, ಫ್ರಾನ್ಸಿನ ಫೂಕೊ ಇಬ್ಬರೂ ಬೇರೆ ಬೇರೆಯಾಗಿ ಗಾಜಿನ ತಗ್ಗುಗನ್ನಡಿಯನ್ನು ತಿದ್ದಿ, ಅದರ ಮುಂಬದಿಗೇ ಬೆಳ್ಳಿ ಕೂರಿಸಿದರು. ಇದರಿಂದಾದ ಉಪಕಾರವನ್ನು ನಾವು ಸರಿಯಾಗಿ ಮನಗಾಣಬೇಕು. ಬೆಳ್ಳಿ ಕಪ್ಪಾದರೆ ಅದನ್ನು ಮದ್ದಿನಿಂದ ಕರಗಿಸಿ ತೆಗೆದು ಹೊಸ ಬೆಳ್ಳಿ ಹಾಕಬಹುದು. ಗಾಜಿನ ಬಾಗಿಗೆ ಕೈ ಹಚ್ಚಬೇಕಾದುದೇ ಇಲ್ಲ. ಗಾಜಿನೊಳಗೆ ಗುಳ್ಳೆಯೋ ಗೆರೆಯೋ ಇದ್ದರೂ ಚಿಂತೆಯಿಲ್ಲ, ಬೆಳಕು ಒಳಕ್ಕೆ ಹೋಗುವುದಿಲ್ಲವಲ್ಲ. ತಿದ್ದಬೇಕಾದುದು ಒಂದೇ ಮೈಯನ್ನು. ಬೆನ್ನಿಗೆ ಎಷ್ಟು ಆಧಾರಗಳನ್ನು ಬೇಕಾದರೂ ಕೊಡಬಹುದು. ದೊಡ್ಡ ಮಸೂರವನ್ನು ಅಂಚಿನಲ್ಲಷ್ಟೇ ಹಿಡಿಯಲು ಸಾಧ್ಯ. ತನ್ನ ಭಾರಕ್ಕೆ ತಾನೇ ಬಾಗುವ ಭಯ ಅದಕ್ಕೆ. ಇಂದಿನ ದೊಡ್ಡ ದೂರದರ್ಶಕಗಳೆಲ್ಲ ಕನ್ನಡಿಯವೇ ಆಗಿರುವುದರ ಗುಟ್ಟು ಇದು.

ಬೆಳ್ಳಿಯ ಬಾಳು ಮಾತ್ರ ಅಲ್ಪ. ದೇವರ ಮುಂದಿನ ಬೆಳ್ಳಿಯ ದೀಪ ಕಪ್ಪಾಗುವುದನ್ನು ಬಲ್ಲವರಿಗೆ ಇದು ಗೊತ್ತು. ಅಮೆರಿಕೆಯ ಜಾನ್ ಸ್ಟ್ರಾಂಗ್ ಎಂಬ ವಿಜ್ಞಾನಿ 1930ರ ದಶಕದಲ್ಲಿ ಬೆಳ್ಳಿಯ ಬದಲು ಅಲ್ಯುಮಿನಿಯಂ ಲೇಪಿಸುವ ವಿಧಾನವನ್ನು ರೂಢಿಗೆ ತಂದನು. 1935ರಲ್ಲಿ ಮೌಂಟ್ ವಿಲ್ಸನ್ನಿನ ನೂರು ಅಂಗುಲದ ಕನ್ನಡಿಗೆ ಅಲ್ಯುಮಿನಿಯಂ ಹಾಕಲಾಯಿತು. ವಿಧಾನವನ್ನು ಹೀಗೆ ತಿಳಿಯಬಹುದು. ಇಡ್ಲಿ ಪಾತ್ರೆಯ ಮುಚ್ಚಳದ ಒಳಮೈಗೆ ಹಬೆ ಹೋಗಿ ತಾಗಿ ಹನಿಯಾಗಿ ಕೂರುತ್ತದಷ್ಟೆ; ಇಲ್ಲಿ ನೀರಿನ ಹಬೆಯ ಬದಲು ಲೋಹದ ಹಬೆ. ಒಂದು ದೊಡ್ಡ ಪೀಪಾಯಿಯೊಳಗೆ ಕನ್ನಡಿಯನ್ನಿಟ್ಟು, ಗಾಳಿಯನ್ನೆಲ್ಲ ಹೊರಕ್ಕೆಳೆದು, ಕೆಂಪಗೆ ಕಾದ ಟಂಗ್‌ಸ್ಟನ್ ತಂತಿಯ ಮೇಲೆ ಅಲ್ಯುಮಿನಿಯಂ ಚೂರುಗಳನ್ನು ಆವಿಯಾಗಿಸುತ್ತಾರೆ. ಅಡ್ಡ ಬರುವ ಗಾಳಿಯಿಲ್ಲದುದರಿಂದ ಆ ಆವಿ ನೆಟ್ಟಗೆ ಹೋಗಿ ಗಾಜಿನ ಮೇಲೆ ಸಮನಾದ ಪೊರೆಯಾಗಿ ಕೂರುತ್ತದೆ. ಹೊರಗೆ ತೆಗೆದ ಮೇಲೆ ಗಾಳಿ ತಗುಲಿ ಅದರ ಮೇಲೆ ಕಾಣದಷ್ಟು ತೆಳುವಾದ, ಗಟ್ಟಿಯಾದ, ಪಾರದರ್ಶಕವಾದ ಕವಚವೊಂದು ತಾನಾಗಿ ಹುಟ್ಟುತ್ತದೆ. ಬೆಳ್ಳಿಯಷ್ಟು ಹೊಳಪಿಲ್ಲದಿದ್ದರೂ ನೂರಕ್ಕೆ ಸುಮಾರು 90 ಪಾಲು ಬೆಳಕನ್ನು ಹಿಂದಿರುಗಿಸುವ ಈ ಲೇಪವು ಬೆಳ್ಳಿಗಿಂತ ಬಹುಕಾಲ ಬಾಳುತ್ತದೆ.

ನಮ್ಮ ದೇಶದಲ್ಲಿಯೂ ಈ ವಿದ್ಯೆ ನೆಲೆಯೂರಿದೆ. ತಮಿಳುನಾಡಿನ ಕಾವಲೂರಿನಲ್ಲಿ 1986ರಲ್ಲಿ ಉದ್ಘಾಟನೆಗೊಂಡ ವೇಣು ಬಾಪು ದೂರದರ್ಶಕದ ಕನ್ನಡಿಯ ಅಗಲ 2.34 ಮೀಟರ್. ಅದನ್ನು ತಿದ್ದಿ ನುಣುಪು ಮಾಡಿದುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ. ನಾವು ಮೇಲೆ ಹೇಳಿದ ದಪ್ಪದ ಲೇಪವನ್ನು ಅಷ್ಟಗಲಕ್ಕೂ ಹಾಕಲು ಕನ್ನಡಿಯ ಮೇಲೆ ಕೂರಬೇಕಾದ ಅಲ್ಯುಮಿನಿಯಂ ಎಷ್ಟೆಂದು ಲೆಕ್ಕ ಹಾಕಿ ನೋಡಿದೆವು: ಸುಮಾರು 1.2 ಗ್ರಾಂ ಮಾತ್ರ! ಚಹಾದ ಚಮಚೆಯೂ ತುಂಬದಷ್ಟು ಲೋಹ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿ 2000ದ ಇಸವಿಯಿಂದ ಕಣ್ತೆರೆದಿರುವ ಎರಡು ಮೀಟರಿನ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದಲೇ ಉಪಗ್ರಹದ ಮೂಲಕ ನಡೆಸುತ್ತಾರೆ. ಕನ್ನಡಿ ಹಿಮಾಲಯದಲ್ಲಿ, ಅದನ್ನು ತಿರುಗಿಸುವ ಕೈ ಕನ್ನಡ ನಾಡಿನಲ್ಲಿ.

ಒಂದೇ ಮೈಯನ್ನು ತಿದ್ದಿದರೆ ಸಾಕೆಂದೆವು. ಆ ಒಂದು ಮೈ ತಪ್ಪಿದರೆ ಗತಿಯೇನೆಂಬುದೂ ಲೋಕಕ್ಕೆ ತಿಳಿದಿದೆ. 1990ರಲ್ಲಿ ಹಾರಿಸಿದ ಹಬಲ್ ದೂರದರ್ಶಕದ 2.4 ಮೀಟರ್ ಕನ್ನಡಿಯ ಅಂಚು ಒಂದು ಮಿಲಿಮೀಟರಿನ ಸಾವಿರದಲ್ಲಿ ಸುಮಾರು ಎರಡು ಪಾಲಿನಷ್ಟು ಹೆಚ್ಚಾಗಿ ಚಪ್ಪಟೆಯಾಗಿತ್ತು. ಅಷ್ಟಕ್ಕೇ ಚಿತ್ರಗಳೆಲ್ಲ ಮಸುಕಾದುವು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸಬೇಕಾಯಿತು. 2021ರ ಡಿಸೆಂಬರ್ 25ರಂದು ಹೊರಟ ಜೇಮ್ಸ್ ವೆಬ್ ದೂರದರ್ಶಕದ ಹದಿನೆಂಟು ಫಲಕಗಳಿಗೆ ಬಂಗಾರದ ಲೇಪವಿದೆ. ಅದು ನೋಡುವುದು ಕಣ್ಣಿಗೆ ಕಾಣದ ಶಾಖದ ಕಿರಣಗಳನ್ನು. ಅವುಗಳನ್ನು ಹಿಂದಿರುಗಿಸುವುದರಲ್ಲಿ ಬಂಗಾರ ಎತ್ತಿದ ಕೈ. ಆರೂವರೆ ಮೀಟರ್ ಅಗಲದ ಆ ಕನ್ನಡಿಗೆ ಹಿಡಿದ ಬಂಗಾರ ಸುಮಾರು 48 ಗ್ರಾಂ, ಎಂದರೆ ನಮ್ಮವರ ಲೆಕ್ಕದಲ್ಲಿ ಆರು ಪವನು. ನಮ್ಮ ಕಡೆಯ ಒಂದು ಮದುವೆಗೂ ಅದು ಸಾಲದು.

ಗುಮಾಸ್ತರ ಮೇಜಿನ ಬಳಿ

ಆಕಾಶದ ಮಾತು ಸಾಕು. ನಮ್ಮ ವಾಚಕರಲ್ಲಿ ಕಚೇರಿಯ ಗುಮಾಸ್ತರಾಗಿರುವವರು ಇಂಥ ಕನ್ನಡಿಯ ಪಕ್ಕದಲ್ಲಿಯೇ ದಿನವಿಡೀ ಕುಳಿತಿರುತ್ತಾರೆ. ಝೆರಾಕ್ಸ್ ಎಂದು ಜನರೆಲ್ಲ ಕರೆಯುವ ಪ್ರತಿ ತೆಗೆಯುವ ಯಂತ್ರದಲ್ಲಿ ಕಾಗದವನ್ನಿಡುವ ಗಾಜಿನ ಕೆಳಗೆ ಒಂದು ದೀಪವೂ ಒಂದೆರಡು ಉದ್ದನೆಯ ಕನ್ನಡಿಪಟ್ಟಿಗಳೂ ಹರಿದಾಡುತ್ತವೆ. ಕಾಗದದಿಂದ ಹೊರಟ ಬೆಳಕನ್ನು ಇವು ಮಡಿಸಿ ಮಡಿಸಿ ಮಸೂರದವರೆಗೆ ಮುಟ್ಟಿಸುತ್ತವೆ. ಹಾಗಿಲ್ಲದಿದ್ದರೆ ಯಂತ್ರವನ್ನು ಬೀರುವಿನಷ್ಟು ಎತ್ತರಕ್ಕೆ ಮಾಡಬೇಕಾಗುತ್ತಿತ್ತು. ಹಿಂಬದಿ ಲೇಪದ ಪಟ್ಟಿಯನ್ನಿಟ್ಟರೆ ಪ್ರತಿಯೊಂದು ಅಕ್ಷರಕ್ಕೂ ಒಂದು ನೆರಳು ಹುಟ್ಟುವುದು. ಲೇಸರ್ ಮುದ್ರಣ ಯಂತ್ರದೊಳಗೆ ಹಲವು ಮುಖಗಳ ಒಂದು ಚಿಕ್ಕ ಕನ್ನಡಿಗಾಲಿ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತ ಬೆಳಕಿನ ಗೆರೆಗಳನ್ನು ಎಳೆಯುತ್ತದೆ. ಛಾಯಾಚಿತ್ರಗಾರನ ಹಳೆಯ ಮಾದರಿಯ ಕ್ಯಾಮರಾದಲ್ಲಿ ಟಪ್ಪೆಂದು ಮೇಲಕ್ಕೇಳುವುದು ಇಂಥದೇ ಕನ್ನಡಿ. ಹಲ್ಲಿನ ವೈದ್ಯರು ಬಾಯೊಳಗೆ ಇಡುವ ಪುಟ್ಟ ಕನ್ನಡಿಗಳಲ್ಲಿ ಒಳ್ಳೆಯವಕ್ಕೆ ರೋಡಿಯಂ ಎಂಬ ಗಟ್ಟಿ ಲೋಹವನ್ನು ಮುಂಬದಿಗೆ ಹಾಕಿರುತ್ತಾರೆ. ಒಂದು ಹಲ್ಲು ಎರಡಾಗಿ ಕಂಡರೆ ರೋಗಿಯ ಪಾಡೇನು?

ಇಲ್ಲಿ ನಮ್ಮ ಹುಡುಗರಿಗೊಂದು ಎಚ್ಚರಿಕೆ ಹೇಳಬೇಕಾಗಿದೆ. ಹೋಟೆಲಿನಲ್ಲಿ ಮಾಣಿಯಾಗಿದ್ದು, ರಾತ್ರಿಶಾಲೆಯಲ್ಲಿ ಓದಿ, ಪ್ರತಿ ತೆಗೆಯುವ ಅಂಗಡಿಗೆ ಸೇರಿದ ನಮ್ಮ ಪರಿಚಯದ ಹುಡುಗನೊಬ್ಬನು ಮೊದಲ ವಾರದಲ್ಲಿಯೇ ಯಂತ್ರದ ಮೇಲುಗಾಜನ್ನು ಎತ್ತಿ, ಒಳಗಿನ ಕನ್ನಡಿಪಟ್ಟಿಗಳ ಮೇಲೆ ಧೂಳನ್ನು ಕಂಡು ಸಹಿಸಲಾರದೆ, ಸೋಡಾ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ತಿಕ್ಕಿ ತೊಳೆದನು. ಹೋಟೆಲಿನಲ್ಲಿ ಶಾಭಾಸ್ ಎನ್ನಿಸಿಕೊಂಡ ಕೈ ಅದು. ಇಲ್ಲಿ ಅದೇ ಕೈ ಕನ್ನಡಿಯ ಚರ್ಮವನ್ನೇ ಸುಲಿದುಹಾಕಿತ್ತು. ಪ್ರತಿಗಳೆಲ್ಲ ಮಂಕಾದುವು, ಹೊಸ ಪಟ್ಟಿಗಳ ಹಣವನ್ನು ಎರಡು ತಿಂಗಳ ಸಂಬಳದಲ್ಲಿ ಹಿಡಿದರು. ಅವನ ತಪ್ಪು ಸೋಮಾರಿತನವಲ್ಲ, ಶುಚಿತ್ವ! ವಾಷಿಂಗ್ ಸೋಡಾ ಹಾಕಿ ತೊಳೆದ ಅಲ್ಯುಮಿನಿಯಂ ಪಾತ್ರೆ ಕಪ್ಪಾಗುವುದನ್ನು ಅವನು ಅಡಿಗೆಮನೆಯಲ್ಲಿ ನೂರು ಸಲ ನೋಡಿದ್ದಾನೆ. ಕನ್ನಡಿಯ ಮೇಲಿರುವುದೂ ಅದೇ ಅಲ್ಯುಮಿನಿಯಂ ಎಂದು ಹೇಳಿಕೊಟ್ಟವರು ಯಾರೂ ಇರಲಿಲ್ಲ.

ಆದುದರಿಂದ ಕಾಗದವಿಡುವ ಮೇಲುಗಾಜನ್ನು ಬೇಕಾದಷ್ಟು ಒರಸಬಹುದು. ಅದರ ಕೆಳಗಿನ ಕನ್ನಡಿಗಳಿಗೆ ಬೆರಳನ್ನೂ ತಾಗಿಸಬಾರದು. ಬೆರಳಿನ ಜಿಡ್ಡೇ ಅವಕ್ಕೆ ಶತ್ರು. ಸೋಡಾ, ಸುಣ್ಣದ ನೀರು, ಅಮೋನಿಯಾ ಬೆರೆಸಿದ ಗಾಜು ಒರಸುವ ದ್ರವ, ಪತ್ರಿಕೆಯ ಹಾಳೆ ಇವೊಂದೂ ಕೂಡದು. ಧೂಳಿದ್ದರೆ ರಬ್ಬರಿನ ಊದುಬುರುಡೆಯಿಂದ ಗಾಳಿ ಊದಬೇಕು. ಅದಕ್ಕೂ ಹೋಗದಿದ್ದರೆ ಯಂತ್ರ ರಿಪೇರಿಯವನನ್ನು ಕರೆಸುವುದು ಧನಿಗಳ ಹೊಣೆ.

ಇಷ್ಟೆಲ್ಲ ಗುಣವಿದ್ದರೂ ಈ ಕನ್ನಡಿಯನ್ನು ಕೈ ತೊಳೆಯುವ ತೊಟ್ಟಿಯ ಮೇಲೆ ಹಾಕಿದರೆ ತಿಂಗಳೊಳಗೆ ಹಾಳಾದೀತು. ಅದರ ಬೆಲೆಯೂ ಹೆಚ್ಚು. ಬಿಸಿಲಿನಿಂದ ಅಡಿಗೆ ಮಾಡಲು ಬಯಲಿನಲ್ಲಿ ನಿಲ್ಲಿಸುವ ದೊಡ್ಡ ತಗ್ಗುಗನ್ನಡಿಗಳಿಗೂ ಹಿಂಬದಿ ಲೇಪದ ಗಾಜಿನ ತುಂಡುಗಳನ್ನೇ ಸಾಮಾನ್ಯವಾಗಿ ಜೋಡಿಸುತ್ತಾರೆ. ಮಳೆ, ಧೂಳು, ಕಾಗೆಗಳ ನಡುವೆ ಬಾಳಬೇಕಾದ ಅವಕ್ಕೆ ಬಿಂಬದ ಅಚ್ಚುಕಟ್ಟಿಗಿಂತ ಗಾಜಿನ ಹೊದಿಕೆಯೇ ಮುಖ್ಯ.

ಇನ್ನು ಕಳ್ಳಗನ್ನಡಿಯ ಮಾತು. ಅಂಥದೊಂದು ಇಲ್ಲವೇ ಇಲ್ಲವೆಂದಲ್ಲ. ಲೋಹದ ಲೇಪವನ್ನು ಇನ್ನೂ ತೆಳುವಾಗಿ ಹಾಕಿದರೆ ಬೆಳಕಿನ ಒಂದು ಪಾಲು ಹಿಂದಿರುಗಿ ಇನ್ನೊಂದು ಪಾಲು ದಾಟಿಹೋಗುತ್ತದೆ. ಆದರೆ ಅದು ಕೆಲಸ ಮಾಡಬೇಕಾದರೆ ಈಚೆಯ ಕೋಣೆಯಲ್ಲಿ ಉಜ್ವಲವಾದ ಬೆಳಕು, ಆಚೆಯ ಕೋಣೆಯಲ್ಲಿ ಕತ್ತಲೆ ಇರಬೇಕು. ಎಲ್ಲಕ್ಕಿಂತ ಮೊದಲು ಆಚೆಗೆ ಒಂದು ಕೋಣೆ ಅಥವಾ ಪೊಳ್ಳು ಜಾಗವೆಂಬುದು ಇರಬೇಕು. ಅದರ ಲೇಪವು ಮುಂದೆಯೂ ಇರಬಹುದು, ಹಿಂದೆಯೂ ಇರಬಹುದು. ಹೀಗಾಗಿ ಅಂತರವಿಲ್ಲವೆಂದು ಬೊಬ್ಬೆ ಹಾಕುವುದೂ ತಪ್ಪು, ಅಂತರವಿದೆಯೆಂದು ನಿಶ್ಚಿಂತರಾಗಿರುವುದೂ ತಪ್ಪು. ಬೆರಳಿನ ಪರೀಕ್ಷೆಯನ್ನೇ ನಂಬುವುದಾದರೆ ಉಕ್ಕಿನ ಹಲಗೆಗೆ ಹೊಳಪು ಕೊಟ್ಟು ಕೂರಿಸಿದ ಕಚೇರಿಯ ಲಿಫ್ಟುಗಳೂ ಕಳ್ಳರೇ ಆಗಬೇಕಾಗುತ್ತದೆ. ಸಂಶಯ ಬಂದವರು ಕೋಣೆಯ ದೀಪವಾರಿಸಿ, ಕನ್ನಡಿಗೆ ಟಾರ್ಚನ್ನು ಒತ್ತಿಹಿಡಿದು, ಎರಡು ಕೈಗಳಿಂದ ಕಣ್ಣಿಗೆ ಮರೆಮಾಡಿಕೊಂಡು ಹತ್ತಿರದಿಂದ ನೋಡಲಿ. ಆಚೆಗೆ ಜಾಗವಿದ್ದರೆ ಕಾಣುವ ಸಂಭವ ಹೆಚ್ಚು. ನಿಜವಾಗಿ ಕಂಡರೆ ಪೊಲೀಸರಿಗೆ ತಿಳಿಸಲಿ. ಅದು ಅವರ ಹಕ್ಕು, ವಸತಿಗೃಹದವರು ಅದಕ್ಕೆ ಅಡ್ಡ ಬರಬಾರದು.

ಕೊಟ್ಟ ಮಾತಿನಂತೆ ನಾವು ಮುಂದಿನ ಬುಧವಾರ ಆ ವಸತಿಗೃಹಕ್ಕೆ ಹೋದೆವು. ಹುಡುಗನು ಕೋಣೆಯ ಬಾಗಿಲು ತೆರೆದು ದೀಪ ಹಾಕಿದನು. ಬೆರಳಿಟ್ಟು ನೋಡಿದೆವು, ಅಂತರವಿರಲಿಲ್ಲ. ಉಗುರಿನಿಂದ ತಟ್ಟಿದೆವು, ಗಾಜಿನ ಸದ್ದಿನ ಬದಲು ತಟ್ಟೆಯ ಸದ್ದು ಬಂತು. ಕಳೆದ ವರ್ಷ ಗಾಜಿನ ಕನ್ನಡಿ ಒಡೆದಾಗ, ಮತ್ತೆ ಒಡೆಯದಿರಲೆಂದು ಧನಿಗಳು ಹೊಳಪಿನ ಉಕ್ಕಿನ ಹಲಗೆಯೊಂದನ್ನು ತರಿಸಿ ನಾಲ್ಕು ಸ್ಕ್ರೂ ಹಾಕಿ ಬಿಗಿಸಿದ್ದರಂತೆ. ಮೆನೇಜರು ಸಜ್ಜನರೇ, ನಾವು ಕೇಳಿದೊಡನೆ ಸ್ಕ್ರೂ ಬಿಚ್ಚಿಸಿದರು. ಹಿಂದೆ ಸುಣ್ಣ ಬಳಿದ ಗೋಡೆ, ಹಳೆಯ ಕನ್ನಡಿಯ ಮೊಳೆಗಳ ಎರಡು ತೂತು, ಒಂದು ಜೇಡರ ಬಲೆ. ಹುಡುಗನು ಬಟ್ಟೆ ತಂದು ಮೊದಲು ಆ ಬಲೆಯನ್ನು ಒರಸಿದನು.

ಅತಿಥಿಗಳು ಅಷ್ಟರಲ್ಲಿ ಕೋಣೆ ಬಿಟ್ಟು ಹೋಗಿಯಾಗಿತ್ತು. ಅರ್ಧ ದಿನದ ಸಂಬಳದ ಮಾತೆತ್ತಿದಾಗ ಮೆನೇಜರು ತಲೆ ಕೆರೆದುಕೊಂಡು, ಲೆಕ್ಕ ಬರೆದಾಗಿದೆ, ತಿಂಗಳ ಕೊನೆಗೆ ನೋಡೋಣ ಎಂದರು. ತಿಂಗಳ ಕೊನೆಗೆ ಇನ್ನು ಒಂಬತ್ತು ದಿನವಿದೆ.